ಬೀಗಿತಿ ಹಿಂದಿನ ಬಾಗಿಲಲ್ಲಿ ಬಂದ ಆಷಾಢ

ನಿನ್ನೆ ಮಧ್ಯಾಹ್ನ ದೇವರ ಮುಂದಿನ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದೆ. ಪಕ್ಕದ ಮನೆ ಶಮೀಮಕ್ಕನ ಅಡುಗೆಮನೆಯಿಂದ ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಬಂತು. ಕಲ್ಲಿನಂಥ ಅಂಟಿನ ಚೂರುಗಳು ಬಿಸಿ ತುಪ್ಪಕ್ಕೆ ಬಿದ್ದು ಚಟಪಟ ಅರಳುವ ಸದ್ದೂ ಗೋಡೆಯಾಚೆಯಿಂದ ಕೇಳಿಸಿತು. ಅದರ ಹಿಂದೆಯೇ ಕೊಬ್ಬರಿ, ಉತ್ತುತ್ತೆ, ಬೆಲ್ಲದ ಪಾಕ. ಅವರ ಸೊಸೆ ಹೆತ್ತಿದ್ದಾಳೆ. ಆ ಹುಡುಗಿಗೆ ತವರಿನಲ್ಲಿ ತಾಯಿ ಇಲ್ಲದ್ದರಿಂದ ಅತ್ತೆಯೇ ಬಾಣಂತನ ಮಾಡುತ್ತಿದ್ದಾರೆ.

ಅಂಟಿನುಂಡೆಯ ವಾಸನೆಗೆ ಎಲ್ಲರ ಬಾಯಲ್ಲಿ ನೀರು ಬರುತ್ತದೆ. ನನಗೆ ಅನುಮಾನ ಬರುತ್ತದೆ. ನನ್ನ ಮಗಳು ಸವಿತಳ ಬಾಣಂತನದ ಆ ಒಂದು ಆಷಾಢ ನನಗೆ ಹೀಗೆ ಅಭ್ಯಾಸ ಮಾಡಿಸಿಬಿಟ್ಟಿದೆ.

ಸವಿತಳನ್ನು ಹೊಸದುರ್ಗಕ್ಕೆ ಕೊಟ್ಟಿದ್ದೇವೆ. ಅಳಿಯ ಕೊಟ್ರೇಶ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವ ಕೆಲಸದಲ್ಲಿದ್ದಾನೆ. ಸವಿತ ಹೆರಿಗೆಗೆಂದು ಹಿರಿಯೂರಿಗೆ, ನಮ್ಮ ಮನೆಗೆ ಬರುವ ಹೊತ್ತಿಗೆ ಒಂದು ಗುಟ್ಟನ್ನೂ ಕಟ್ಟಿಕೊಂಡು ಬಂದಿದ್ದಳು. ಏಳನೇ ತಿಂಗಳಲ್ಲಿ ಆಸ್ಪತ್ರೆಯವರು ಸಿಹಿ ನೀರು ಕುಡಿಸಿ, ರಕ್ತ ತೆಗೆದು ನೋಡಿ, ಬಸುರಿನ ಸಕ್ಕರೆ ಇದೆ ಎಂದಿದ್ದರು. ಅದು ಗಂಡನಿಗೆ ಗೊತ್ತು, ನನಗೂ ನಮ್ಮ ಯಜಮಾನರಿಗೂ ಗೊತ್ತು. ಅವಳ ಅತ್ತೆಗೆ ಮಾತ್ರ ಗೊತ್ತಿರಲಿಲ್ಲ.

"ನಮ್ಮತ್ತೆಗೆ ಹೇಳ್ಬೇಡಮ್ಮ" ಎಂದಳು ಸವಿತ.

ಅದನ್ನು ನನಗೆ ಹೇಳಿಕೊಡಬೇಕಿರಲಿಲ್ಲ. ಸಕ್ಕರೆ ಎಂದಾಕ್ಷಣ ಯಾರ ಕಡೆಯಿಂದ ಬಂತು ಎಂದು ಹುಡುಕುವುದೇ ನಮ್ಮ ಜನರ ಮೊದಲ ಕೆಲಸ. ನನ್ನ ಅಪ್ಪ ಸಕ್ಕರೆಯಿಂದಲೇ ಕಾಲು ಕಳೆದುಕೊಂಡು ಹೋದವರು. ರೋಗದ ಮನೆತನದಿಂದ ಹೆಣ್ಣು ತಂದೆವು ಎಂಬ ಮಾತು ಒಂದು ಸಲ ಹೊಸದುರ್ಗದ ಆ ಮನೆಯಲ್ಲಿ ಹುಟ್ಟಿದರೆ ನನ್ನ ಮಗಳು ಅದನ್ನು ಬದುಕಿರುವವರೆಗೂ ಕೇಳಬೇಕು.

ಜ್ಯೇಷ್ಠದ ಮೊದಲಿಗೆ ಹೆಣ್ಣು ಮಗು ಆಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಮನೆಗೆ ಕಳಿಸುವಾಗ ಆಸ್ಪತ್ರೆಯ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು.

"ಈಗ ಸಕ್ಕರೆ ಇಳಿದೈತೆ ಕಣಮ್ಮ. ಆದ್ರೆ ಬಸುರಿನಲ್ಲಿ ಬಂದೋರಿಗೆ ಮುಂದೆ ಕಾಯಂ ಸಕ್ಕರೆ ಕಾಯಿಲೆ ಬರೋದು ಬೇರೆಯವರಿಗಿಂತ ಜಾಸ್ತಿ. ಒಂದೂವರೆ ತಿಂಗಳಿಗೆ ಖಾಲಿ ಹೊಟ್ಟೆಯಲ್ಲಿ ಕರ್ಕೊಂಡು ಬರ್ರಿ. ಇನ್ನೊಂದು ಸಲ ಸಿಹಿ ನೀರು ಕುಡಿಸಿ ನೋಡ್ಬೇಕು. ಈಗಿಂದ ಹುಷಾರಾಗಿದ್ರೆ ತಡೆಯಬಹುದು."

ನಾನು ಕೇಳಿಸಿಕೊಂಡದ್ದು "ಇಳಿದೈತೆ" ಎಂಬುದನ್ನು ಮಾತ್ರ. ಮಾಸು ಬಿದ್ದಾಗ ಅದರ ಜೊತೆ ಸಕ್ಕರೆಯೂ ಹೋಯಿತು ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಮಿಕ್ಕಿದ್ದರ ಮೇಲೆ ನನಗೆ ಅನುಮಾನ. ಗಟ್ಟಿಮುಟ್ಟಾದ ಹುಡುಗಿಯನ್ನು ಕರೆಸಿ ಕರೆಸಿ ಯಾಕೆ ರೋಗಿ ಮಾಡುತ್ತಾರೆ? ಅದೂ ಆಷಾಢದಲ್ಲಿ, ನಮ್ಮ ಕಡೆ ಗಾಳಿ ಹಂಚು ಎತ್ತಿ ಎಸೆಯುವ ತಿಂಗಳಲ್ಲಿ, ಬಾಣಂತಿಯನ್ನು ಹೊಸ್ತಿಲು ದಾಟಿಸುವುದೆಂದರೇನು?

ನನ್ನ ಅವ್ವ ನನಗೆ ಮಾಡಿದ ಹಾಗೆಯೇ ಬಾಣಂತನ ಶುರು ಮಾಡಿದೆ. ಎಣ್ಣೆ ತಿಕ್ಕಿ ಸುಡುಸುಡು ನೀರು ಹಾಕಿದೆ. ಸಾಂಬ್ರಾಣಿ ಹೊಗೆ ಕೊಟ್ಟೆ. ಕಿವಿ ಮುಚ್ಚುವಂತೆ ಸ್ಕಾರ್ಫ್ ಕಟ್ಟಿದೆ. ಮೆಣಸಿನ ಸಾರು, ತುಪ್ಪ ಸುರಿದ ಬಿಸಿ ಅನ್ನ, ಬೆಳಿಗ್ಗೆ ಒಂದು ಸಂಜೆ ಒಂದು ಅಂಟಿನುಂಡೆ. ಸೊಪ್ಪು ತರಕಾರಿ ಶೀತವೆಂದು ದೂರವಿಟ್ಟೆ. ಮಿಕ್ಕ ಹೊತ್ತು ಮಲಗುವುದು, ಮಗುವಿಗೆ ಹಾಲು ಕೊಡುವುದು, ಮತ್ತೆ ಮಲಗುವುದು.

ಮಗುವಿಗೆ ಹಾಲು ಕೊಡುವುದರಲ್ಲಿ ಸವಿತ ಯಾವ ಕೊರತೆಯನ್ನೂ ಮಾಡಲಿಲ್ಲ. ಉಳಿದದ್ದರಲ್ಲೆಲ್ಲ ಅವಳ ನಡವಳಿಕೆ ನನಗೆ ಸರಿಕಾಣಲಿಲ್ಲ. ತಟ್ಟೆಯ ಅನ್ನದಲ್ಲಿ ಅರ್ಧ ಬದಿಗೆ ಸರಿಸುತ್ತಿದ್ದಳು. "ಅಮ್ಮ, ಸ್ವಲ್ಪ ಮೆಂತ್ಯದ ಸೊಪ್ಪು ಬೇಯ್ಸಿ ಕೊಡು" ಎನ್ನುತ್ತಿದ್ದಳು. ಮಧ್ಯಾಹ್ನ ನಾನು ಕಣ್ಣು ಮುಚ್ಚಿದರೆ ಹಿತ್ತಲ ಬಾಗಿಲಿನ ಅಗುಳಿ ಸದ್ದಾಗುತ್ತಿತ್ತು. ಉಂಡೆ ಮಾತ್ರ ಬೇಡವೆನ್ನುತ್ತಿರಲಿಲ್ಲ. ರೂಮಿಗೆ ತೆಗೆದುಕೊಂಡು ಹೋಗಿ ಖಾಲಿ ತಟ್ಟೆ ತಂದಿಡುತ್ತಿದ್ದಳು. ಡಬ್ಬಿ ಇಳಿಯುತ್ತಲೇ ಇತ್ತು. ಆದರೆ ಉಂಡೆ ತಿಂದವರ ತುಟಿ ಹೊಳೆಯಬೇಕಲ್ಲ? ಅವಳ ತುಟಿ ಒಣಗಿಯೇ ಇರುತ್ತಿತ್ತು.

ಕಿಟಕಿಯಿಂದ ಶಮೀಮಕ್ಕನ ಮನೆಗೆ ದಾಟಿಸುತ್ತಿದ್ದಾಳೇನೋ ಎಂದು ಮೊದಲು ಅನಿಸಿತು. ಒಂದೆರಡು ದಿನ ಆ ಮನೆಯ ಮಕ್ಕಳ ಬಾಯನ್ನೇ ನೋಡಿದೆ. ಈಗ ನೆನೆದರೆ ನಗು ಬರುತ್ತದೆ. ಆಗ ನಗು ಬರಲಿಲ್ಲ.

ಕೊನೆಗೆ ಬಟ್ಟೆ ಒಗೆಯುವಾಗ ಸಿಕ್ಕಿಬಿತ್ತು. ನಮ್ಮ ಯಜಮಾನರು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಅವರ ಅಂಗಿ ಜೇಬಿನಲ್ಲಿ ಗೊಬ್ಬರದ ಕಮಟು ಇರುವುದು ಮಾಮೂಲು. ಆವತ್ತು ತುಪ್ಪದ ಕಲೆ ಇತ್ತು. ಜೇಬಿನ ಮೂಲೆಯಲ್ಲಿ ಕೊಬ್ಬರಿ ಚೂರು.

"ಏನ್ರೀ ಇದು?"

"ದೇವರ ದೀಪದ ತುಪ್ಪ ಬಿದ್ದಿರ್ಬೇಕು."

"ನೀವು ಯಾವತ್ತು ದೀಪ ಹಚ್ಚಿದ್ರಿ?"

ಕೊಬ್ಬರಿ ಚೂರನ್ನೊಮ್ಮೆ ನೋಡಿ ಹೇಳಿದರು. "ಮಗಳೇ ಕೊಟ್ಲು ಕಣೆ. ಅನ್ನ ದೇವರು, ಚೆಲ್ಲಿದ್ರೆ ಪಾಪ ಅಪ್ಪಾಜಿ ಅಂದ್ಲು. ನಾನೇನು ಮಾಡ್ಲಿ?"

"ಬಾಣಂತಿ ಉಂಡೆ ತಿಂದು ನಿಮಗೇನು ಹಾಲು ಬರ್ಬೇಕಿತ್ತಾ?"

ರೂಮಿನೊಳಗೆ ಸವಿತ ನಕ್ಕಳು. ನನಗೆ ಇನ್ನಷ್ಟು ಸಿಟ್ಟು ಬಂತು. ಹೋಗಿ ಬಾಗಿಲಲ್ಲಿ ನಿಂತೆ. ಮೈ ಇಳಿಸುವ ಹುಚ್ಚು, ಫೋನಿನಲ್ಲಿ ನೋಡಿ ಕಲಿತದ್ದು, ಹಾಲು ಬತ್ತಿದರೆ ಯಾರು ಹೊಣೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ಮಗುವನ್ನು ಎದೆಯಿಂದ ತೆಗೆಯದೆ, ನಗುವುದನ್ನು ನಿಲ್ಲಿಸಿ ಕೇಳಿದಳು.

"ಅಮ್ಮ, ತಾತನ ಕಾಲು ನೆನಪೈತಾ?"

ಕೈಯಲ್ಲೇ ಉಳಿದಿದ್ದ ಅಂಗಿಯನ್ನು ಹೆಗಲಿಗೆ ಹಾಕಿಕೊಂಡೆ.

"ಬ್ಯಾಂಡೇಜ್ ಬಿಚ್ಚಿ ಕಟ್ಟೋವಾಗ ನೀನು ನನ್ನ ಹೊರಗೆ ಕಳಿಸ್ತಿದ್ದೆ. ನಾನು ಕಿಟಕಿಯಿಂದ ನೋಡ್ತಿದ್ದೆ. ನನ್ನ ಮಗಳು ನನ್ನನ್ನ ಹಂಗೆ ನೋಡಬಾರದು. ಬಾಣಂತನ ಮಾಡು, ನೀರು ಹಾಕು, ಬೇಡ ಅನ್ನಲ್ಲ. ಪರೀಕ್ಷೆಗೆ ಮಾತ್ರ ನಾನು ಹೋಗೇ ಹೋಗ್ತೀನಿ."

ಒಪ್ಪಿದೆ. ಮನಸ್ಸಿನಿಂದ ಒಪ್ಪಲಿಲ್ಲ, ಬಾಯಲ್ಲಿ ಒಪ್ಪಿದೆ. ನನಗಿದ್ದ ಧೈರ್ಯವೆಂದರೆ ಆಷಾಢ. ಅತ್ತೆ ಸೊಸೆ ಆಷಾಢದಲ್ಲಿ ಒಂದೇ ಹೊಸ್ತಿಲು ದಾಟಬಾರದು ಎನ್ನುವ ಮಾತಿದೆಯಲ್ಲ, ಅದನ್ನು ಹಿಡಿದು ಹೊಸದುರ್ಗದವರಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದೆ. "ಶ್ರಾವಣಕ್ಕೆ ತೊಟ್ಟಿಲು ಶಾಸ್ತ್ರ ಇಟ್ಟುಕೊಳ್ಳಾಣ, ಅಲ್ಲಿಗಂಟ ನೀವು ಬರೋದು ಬೇಡ." ಅಮಾವಾಸ್ಯೆಗೆ ಮುಂಚೆ ಗುಟ್ಟಾಗಿ ಪರೀಕ್ಷೆ ಮುಗಿದರೆ ಯಾರಿಗೂ ತಿಳಿಯುವುದಿಲ್ಲ. ಆಚೆ ಬೀದಿಯ ಆಟೋದವನಿಗೆ ಬೆಳಿಗ್ಗೆ ಬರಲು ಹೇಳಿಟ್ಟೆ. ನಮ್ಮ ಬೀದಿಯವನು ಹತ್ತು ಮನೆಗೆ ಸಾರುತ್ತಾನೆ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಹಿತ್ತಲಲ್ಲಿ ಮಾತು ಕೇಳಿಸಿತು. ಎದ್ದು ಹೋಗಿ ನೋಡಿದರೆ ಸವಿತ ಒಗೆದ ಬಟ್ಟೆಗಳ ನಡುವೆ ಅತ್ತಿಂದಿತ್ತ ನಡೆಯುತ್ತಿದ್ದವಳು ಹಾಗೇ ನಿಂತಿದ್ದಾಳೆ. ಅವಳೆದುರು, ಸೊಂಟದಲ್ಲಿ ಒಂದು ಚೀಲ ಇಟ್ಟುಕೊಂಡು, ಗಾಳಿಗೆ ಸೆರಗು ಹಾರದಂತೆ ಹಲ್ಲಲ್ಲಿ ಕಚ್ಚಿಕೊಂಡು, ಬೀಗಿತಿ ಗಂಗಮ್ಮ.

"ಒಂದೇ ಬಾಗಿಲು ದಾಟಬಾರದು ಅಂದ್ರಲ್ಲ ಪಾರ್ವತಮ್ಮ" ಎಂದರು. "ಅದಕ್ಕೇ ಹಿಂದಿನ ಬಾಗಿಲಾಗೆ ಬಂದೀನಿ. ಅದೂ ಅಲ್ದೆ ಆ ಶಾಸ್ತ್ರ ಮದುವೆ ಆದ ಹೊಸದ್ರಾಗೆ. ಇವಳು ಈಗ ತಾಯಿ."

"ಬರ್ರಿ ಗಂಗಕ್ಕ, ಕುಂತ್ಕಳ್ರಿ" ಎಂದೆ. ಬಾಣಂತಿ ಬಿಸಿಲಲ್ಲಿ ತಿರುಗುತ್ತಿದ್ದುದನ್ನು ಈ ಹೆಂಗಸು ಕಣ್ಣಾರೆ ನೋಡಿದ್ದಾರೆ. ಆದರೂ ಒಂದು ಮಾತು ಆಡಲಿಲ್ಲ. ಬೈದಿದ್ದರೆ ನಂಬಬಹುದಿತ್ತು. ಬೈಯದೆ ಇದ್ದದ್ದೇ ನನಗೆ ಭಯ ಹುಟ್ಟಿಸಿತು.

ಸಂಜೆಯವರೆಗೂ ಅವರು ಹೋದಲ್ಲೆಲ್ಲ ನನ್ನ ಕಣ್ಣು ಹೋಯಿತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹಣೆ, ಮೂಗು, ಕಿವಿ ನೋಡಿದರು. ಅಡುಗೆಮನೆಗೆ ಬಂದು ಸಾರಿನ ಪಾತ್ರೆಯ ಮುಚ್ಚಳ ತೆಗೆದರು. ಉಂಡೆ ಡಬ್ಬಿಯನ್ನು ಎತ್ತಿ ಅಲ್ಲಾಡಿಸಿದರು.

"ಖಾಲಿ ಆಗೈತಲ್ಲ. ಎಲ್ಲಾ ಇವಳೇ ತಿಂದ್ಲಾ?"

"ತಿಂದ್ಲು."

ನಡುಮನೆಯಲ್ಲಿ ನಮ್ಮ ಯಜಮಾನರು ಕೆಮ್ಮಿದರು.

ಗಂಗಮ್ಮ ಡಬ್ಬಿಯನ್ನು ಅದರ ಜಾಗದಲ್ಲಿಟ್ಟರು. ಇನ್ನಷ್ಟು ಉಂಡೆ ಮಾಡೋಣವೆಂದು ಹೇಳಲಿಲ್ಲ. ಅದೂ ನನಗೆ ಸರಿಬರಲಿಲ್ಲ. ಮೊಮ್ಮಗಳ ತಾಯಿ ಉಂಡೆ ತಿನ್ನಲಿ ಎಂದು ಬಯಸದ ಅತ್ತೆ ಎಲ್ಲಿದ್ದಾಳೆ? ಸೀಮಂತದ ದಿನ ಸವಿತ ಹೋಳಿಗೆ ಮುಟ್ಟದೆ ಎಲೆ ಮಡಿಸಿದ್ದನ್ನು ಇವರು ನೋಡಿದ್ದರೇ? ಕೊಟ್ರೇಶ ಬಾಯಿ ಬಿಟ್ಟನೇ? ಸೊಂಟದಲ್ಲಿ ತಂದ ಚೀಲವನ್ನು ಬಿಚ್ಚದೆ ಮೂಲೆಯಲ್ಲಿಟ್ಟಿದ್ದರು. ಅದರಲ್ಲೇನಿದೆ ಎಂದು ಎರಡು ಸಲ ಕಾಲಿನಿಂದ ಒತ್ತಿ ನೋಡಿದೆ. ಸಣ್ಣ ಕಾಳಿನ ಹಾಗೆ ಸರಿಯಿತು.

ಮರುದಿನ ಬೆಳಿಗ್ಗೆ ನಾನು ಲಿಂಗಪೂಜೆ ಮುಗಿಸಿ ಬರುವಷ್ಟರಲ್ಲಿ ಗಂಗಮ್ಮ ಕಾಫಿ ಮಾಡಿ ಸೊಸೆಯ ಮುಂದೆ ಹಿಡಿದಿದ್ದರು. ಸವಿತ ನನ್ನ ಮುಖ ನೋಡಿದಳು. ಖಾಲಿ ಹೊಟ್ಟೆಯಲ್ಲಿರಬೇಕು. ಕುಡಿದರೆ ಪರೀಕ್ಷೆ ಕೆಟ್ಟಿತು.

"ಅವಳಿಗೆ ಬೇಡ ಗಂಗಕ್ಕ. ಇವತ್ತು ಅವಳ್ದು ಒಪ್ಪತ್ತು" ಎಂದುಬಿಟ್ಟೆ.

ಹಣೆಯಲ್ಲಿ ವಿಭೂತಿ ಇನ್ನೂ ಒದ್ದೆ ಇತ್ತು. ದೇವರ ಹೆಸರಲ್ಲಿ ಸುಳ್ಳು. ಅದೂ ಎಂಥ ಸುಳ್ಳು! ಲೋಕದಲ್ಲಿ ಯಾರೂ ಬಾಣಂತಿಗೆ ಉಪವಾಸ ಹಾಕುವುದಿಲ್ಲ.

ಗಂಗಮ್ಮ ಲೋಟ ಕೆಳಗಿಟ್ಟರು. "ಬಾಣಂತಿಗೆ ಯಾವ ಒಪ್ಪತ್ತು ಪಾರ್ವತಮ್ಮ? ನಿಮ್ಮ ದೇವರಿಗೆ ಅಷ್ಟೂ ಕರುಣೆ ಇಲ್ವಾ?"

ನಾನು ಸೆರಗು ಸರಿಮಾಡಿಕೊಂಡೆ.

ಅವರು ದನಿ ತಗ್ಗಿಸಿದರು. "ಬಸುರಿನಾಗೆ ಇವಳಿಗೆ ಸಕ್ಕರೆ ಬಂದಿತ್ತಾ?"

"ನಿಮಗ್ಯಾರು ಹೇಳಿದ್ರು?"

ಕೇಳಿದ ಮೇಲೆ ಗೊತ್ತಾಯಿತು. ಇಲ್ಲವೆಂದು ಹೇಳಬೇಕಿತ್ತು. ಯಾರು ಹೇಳಿದ್ರು ಎಂದು ಕೇಳಿದರೆ ಹೌದೆಂದು ಹೇಳಿದ ಹಾಗೆಯೇ. ಸವಿತ ತಲೆ ತಗ್ಗಿಸಿದಳು. ಇನ್ನು ಮಾತು ಶುರುವಾಗುತ್ತದೆ, ಅಪ್ಪನ ಕಾಲಿನವರೆಗೆ ಹೋಗುತ್ತದೆ ಎಂದು ನಾನು ಕಾದೆ.

ಗಂಗಮ್ಮ ಕೇಳಿದ್ದು ಇಷ್ಟೇ. "ಖಾಲಿ ಹೊಟ್ಟೇಲಿ ರಕ್ತ ನೋಡ್ಸೋಕೆ ತಾನೆ? ಆಟೋ ಯಾವಾಗ ಬರ್ತೈತೆ?"

ತಮ್ಮ ಶಾಲನ್ನು ಸವಿತಳ ಸ್ಕಾರ್ಫಿನ ಮೇಲೆ ಇನ್ನೊಂದು ಸುತ್ತು ಸುತ್ತಿ, ಮಗುವನ್ನು ತಾವೇ ಎತ್ತಿಕೊಂಡು, ಮುಂದಿನ ಬಾಗಿಲಿನಲ್ಲೇ ಸೊಸೆಯ ಜೊತೆ ಹೊರಟರು. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಿದ್ದನ್ನು ನೋಡಿ ನಾನು ಮನಸ್ಸಿನಲ್ಲೇ ಕೈಮುಗಿದೆ. ಆವತ್ತಿನ ಕರುಣೆಗಳನ್ನು ಈಗಲೂ ನೆನೆಯುತ್ತೇನೆ. ಗಾಳಿ ತಗ್ಗಿತ್ತು. ಆಟೋದವನು ಗುಂಡಿ ನೋಡಿ ಓಡಿಸಿದ. ಮಗು ಅಳಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದು, ಸಿಹಿ ನೀರು ಕುಡಿಸಿ, ಎರಡು ಗಂಟೆ ಕಾಯಿರಿ ಎಂದರು. ಸವಿತ ಒಳಗಿನ ಬೆಂಚಿನಲ್ಲಿ ಮಗುವಿಗೆ ಹಾಲು ಕೊಡುತ್ತ ಕೂತಳು. ಹೊರಗೆ ಬೇವಿನ ಮರದಡಿ ನಾನು, ಬೀಗಿತಿ. ಅವರು ಸೊಂಟದಿಂದ ಎಲೆಅಡಿಕೆ ಚೀಲ ತೆಗೆದರು. ಎಲೆ ಸರಿಸಿ, ಅದರಡಿಯಿಂದ ಒಂದು ಮಾತ್ರೆ ತೆಗೆದು, ನನ್ನ ಎದುರೇ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

"ಏನು ಮಾತ್ರೆ?"

"ನನ್ ಸಕ್ಕರೇದು" ಎಂದರು. "ಕೊಟ್ರೇಶ ಹುಟ್ಟಿದಾಗ ಸೂಲಗಿತ್ತಿ ಕೈಯಾಗೆ ಹಿಡಿಯೋಕೆ ಆಗ್ಲಿಲ್ಲ, ಅಷ್ಟು ದಪ್ಪ. ಭೀಮ ಹುಟ್ಯಾನೆ ಅಂತ ಊರಿಗೆಲ್ಲ ಬೆಲ್ಲ ಹಂಚಿದ್ರು. ನನಗೂ ದಿನಾ ಉಂಡೆ, ದಿನಾ ತುಪ್ಪ. ಆವಾಗ ರಕ್ತ ನೋಡೋರು ಯಾರು? ನನಗೂ ಬಸುರಿನಾಗೆ ಇತ್ತೋ ಏನೋ, ಆ ಶಿವನಿಗೇ ಗೊತ್ತು. ಹಿಮ್ಮಡಿ ಗಾಯ ಮಾಯದೇ ಹೋದಾಗ ನೋಡಿದ್ರು. ಆವಾಗ ಅದು ಒಳಗೆ ಬಂದು ಚಾಪೆ ಹಾಸ್ಕಂಡು ಕುಂತಿತ್ತು."

"ನಮಗೆ ಹೇಳಲೇ ಇಲ್ವಲ್ಲ?"

"ಸಂಬಂಧ ನೋಡೋವಾಗ ಹೇಳಿದ್ರೆ ನೀವು ಹೆಣ್ಣು ಕೊಡ್ತಿದ್ರಾ?"

ಅವರ ಕಷ್ಟಕ್ಕೆ ಮರುಗುವ ಮುಂಚೆ ನನಗೆ ಸಿಟ್ಟೇ ಬಂತು. ಎಂಥ ಮೋಸ, ನಮ್ಮಿಂದ ಮುಚ್ಚಿಟ್ಟರಲ್ಲ ಎಂದು. ಮರುಕ್ಷಣವೇ ನಾನು ಮುಚ್ಚಿಟ್ಟದ್ದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಆದರೂ ಒಂದು ಕಣ್ಣು ಅವರ ಮೇಲಿಟ್ಟಿದ್ದೆ. ತನ್ನದನ್ನು ಒಪ್ಪಿಕೊಂಡು ನನ್ನ ಬಾಯಿ ಬಿಡಿಸುವವರೂ ಇರುತ್ತಾರೆ.

"ಸೀಮಂತದ ದಿನ ಹೋಳಿಗೆ ಬಿಟ್ಟಾಗ್ಲೇ ನಂಗೆ ಡೌಟು" ಎಂದರು. "ಕೇಳಿದ್ರೆ ನೀವು ಎಲ್ಲಿ ನನ್ನ ಕಡೆ ಬೆರಳು ಮಾಡ್ತೀರೋ ಅಂತ ಸುಮ್ಕಿದ್ದೆ."

"ನನ್ನಪ್ಪಂಗೂ ಇತ್ತು" ಎಂದೆ ನಾನು. ಮಾತು ತಾನಾಗಿಯೇ ಹೊರಟಿತು.

"ಹಂಗಾದ್ರೆ ಆ ಕೂಸಿಗೆ ಎರಡು ಕಡೆಯಿಂದ್ಲೂ ಐತೆ. ನಾವಿಬ್ರು ಜಗಳ ಆಡೋ ಬದ್ಲು ಕಾವಲು ಕುಂತ್ಕಳಾಣ."

ಮಧ್ಯಾಹ್ನ ಸಿಸ್ಟರ್ ಕರೆದರು. ಸವಿತ ನನ್ನ ಕೈ ಹಿಡಿದುಕೊಂಡಳು.

"ಸಕ್ಕರೆ ಕಾಯಿಲೆ ಅಲ್ಲ" ಎಂದರು ಸಿಸ್ಟರ್. "ಹಂಗಂತ ಪೂರ್ತಿ ಸರಿಯಾಗೂ ಇಲ್ಲ. ಹೊಸ್ತಿಲ ಮೇಲೆ ನಿಂತೈತೆ."

"ಮಿಷನ್ನು ಸರಿ ಐತಾ?" ಎಂದೆ.

"ಸರಿ ಐತಮ್ಮ" ಎಂದು ನಕ್ಕರು. "ಹೊಸ್ತಿಲ ಮೇಲಿರೋದನ್ನ ವಾಪಸ್ ಕಳಿಸಬಹುದು. ಒಳಗೆ ಬಂದ್ರೆ ಕಷ್ಟ. ಮಗುಗೆ ಎದೆಹಾಲು ಬಿಡಬೇಡ್ರಿ, ಅದು ತಾಯಿಗೂ ಒಳ್ಳೇದು. ದಿನಾ ನಡೀಲಿ. ತಟ್ಟೇಲಿ ಅರ್ಧ ಸೊಪ್ಪು ತರಕಾರಿ ಇರ್ಲಿ, ಬೇಳೆ ಕಾಳು ಇರ್ಲಿ, ಅನ್ನ ಕಮ್ಮಿ ಆಗ್ಲಿ. ಬೆಲ್ಲ ತುಪ್ಪದ ಉಂಡೆ ಬೇಡ. ಬಸುರಿನಾಗೆ ಏರಿದ ತೂಕ ನಿಧಾನಕ್ಕೆ ಇಳೀಲಿ. ವರ್ಷಕ್ಕೊಂದು ಸಲ ಬಂದು ನೋಡಿಸ್ಕಳ್ರಿ, ಚೆನ್ನಾಗಿದೀನಿ ಅಂತ ಅನ್ಸಿದ್ರೂ ಸೈತ."

"ಬೆಲ್ಲ ಸಕ್ಕರೆ ಅಲ್ವಲ್ಲ ಸಿಸ್ಟರ್, ಮೈಗೆ ಒಳ್ಳೇದು" ಎಂದೆ.

"ರಕ್ತಕ್ಕೆ ಎರಡೂ ಒಂದೇ ಕಣಮ್ಮ."

ಮನೆಗೆ ಬಂದ ಮೇಲೆ ಗಂಗಮ್ಮ ಮೂಲೆಯ ಚೀಲ ಬಿಚ್ಚಿದರು. ಸಾಮೆ ಅಕ್ಕಿ. ಅವರ ಹೊಲದ್ದು, ಮನೆಯಲ್ಲೇ ಕುಟ್ಟಿಸಿದ್ದು, ತೌಡು ಪೂರ್ತಿ ಹೋಗದೆ ಮಬ್ಬು ಬಣ್ಣಕ್ಕಿತ್ತು. ನಾನು ಬೊಗಸೆಯಲ್ಲಿ ತೆಗೆದು ಮೂಸಿದೆ. ಮೊರಕ್ಕೆ ಹಾಕಿ ಕೇರಿದೆ. ಕಲ್ಲು ಸಿಗಲಿಲ್ಲ.

"ಇನ್ನೂ ನಂಬಿಕೆ ಇಲ್ವಾ?" ಎಂದರು.

"ಕಲ್ಲು ನೋಡ್ದೆ ಕಂಡ್ರಿ" ಎಂದೆ.

"ನೋಡ್ರಿ, ನೋಡ್ರಿ. ಸಾಮೆ ಅಂತ ಗುಡ್ಡೆ ಹಾಕ್ಕಂಡು ಉಂಡ್ರೆ ಅದೂ ಸಕ್ಕರೇನೆ ಆಗ್ತೈತಂತೆ. ಅಳತೆ ಮೇಲೆ ಹಾಕ್ರಿ."

ಅಮಾವಾಸ್ಯೆವರೆಗೂ ಅವರು ಇಲ್ಲೇ ಉಳಿದರು. ಎಣ್ಣೆ ನೀರು, ಸಾಂಬ್ರಾಣಿ, ಸ್ಕಾರ್ಫು ಯಾವುದೂ ನಿಲ್ಲಲಿಲ್ಲ. ತಟ್ಟೆ ಮಾತ್ರ ಬದಲಾಯಿತು. ಒಂದು ಸೌಟು ಸಾಮೆ ಅನ್ನ, ಮೆಂತ್ಯದ ಸೊಪ್ಪಿನ ಪಲ್ಯ, ಹೆಸರುಕಾಳಿನ ಸಾರು. ಮಗುವಿಗೆ ಶೀತವಾಗುತ್ತದೆಂದು ನಾನು ದಿನಾ ಅದರ ಮೂಗು ನೋಡುತ್ತಿದ್ದೆ. ಆಗಲಿಲ್ಲ. ಊಟವಾದ ಮೇಲೆ ಅತ್ತೆ ಸೊಸೆ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ, ಮುಂದಿನಿಂದ ಹಿಂದಕ್ಕೆ ಮನೆಯೊಳಗೇ ನಡೆಯುತ್ತಿದ್ದರು. ಮಗುವನ್ನು ಹೆಗಲಿಗೆ ಹಾಕಿಕೊಂಡು ನಾನೂ ಹಿಂದೆ ಹಿಂದೆ ಹೋಗುತ್ತಿದ್ದೆ. ಏನು ಮಾತಾಡಿಕೊಳ್ಳುತ್ತಾರೆ ಎಂದು ಕೇಳಿಸಿಕೊಳ್ಳಲು ಶುರು ಮಾಡಿದ್ದು. ಆಮೇಲೆ ನನ್ನ ಮಂಡಿನೋವು ಕಮ್ಮಿಯಾಗಿದ್ದು ಗೊತ್ತಾಯಿತು. ಅದನ್ನೂ ದೇವರ ಲೆಕ್ಕಕ್ಕೆ ಹಾಕಿದೆ.

ಅಷ್ಟು ಉಂಡೆ ತಿಂದ ನಮ್ಮ ಯಜಮಾನರನ್ನು ಗಂಗಮ್ಮನೇ ಪರೀಕ್ಷೆಗೆ ಅಟ್ಟಿದರು. ಎಲ್ಲ ಸರಿಯಾಗಿದೆ ಎಂದು ಬಂತು. ಬೀದಿಯಲ್ಲಿ ಎದೆ ಉಬ್ಬಿಸಿಕೊಂಡು ಬಂದರು. "ಸಿಸ್ಟರ್ ಇನ್ನೇನಂದ್ರು?" ಎಂದು ಕೇಳಿದೆ. ಮುಖ ಆಚೆ ತಿರುಗಿಸಿ "ಈ ವರ್ಷಕ್ಕೆ ಸರಿ ಐತೆ ಅಂದ್ರು" ಎಂದರು. ಡಬ್ಬಿಗೆ ಆಮೇಲೆ ಹುರಿಗಡಲೆ ತುಂಬಿಟ್ಟೆ.

ಈಗ ಮೊಮ್ಮಗಳು ಅಂಗನವಾಡಿಗೆ ಹೋಗುತ್ತಾಳೆ. ಪ್ರತಿ ವರ್ಷ ಅವಳ ಹುಟ್ಟುಹಬ್ಬಕ್ಕೆ ಮುಂಚೆ ಸವಿತ ರಕ್ತ ಕೊಟ್ಟು ಬರುತ್ತಾಳೆ. ಮೊದಲ ವರ್ಷ ಹೊಸ್ತಿಲಿಂದ ಕೆಳಗಿಳಿಯಿತು. ಮರುವರ್ಷ ನಡಿಗೆ ಬಿಟ್ಟಿದ್ದಳು, ಮತ್ತೆ ಹತ್ತಿ ನಿಂತಿತು. ಆಗ ಗಂಗಮ್ಮ ಹೊಸದುರ್ಗದಿಂದ ಫೋನು ಮಾಡಿ "ನಾನು ಇಲ್ಲಿ ಕಾವಲು ಬಿಟ್ಟೆ, ನನ್ನ ತಪ್ಪು" ಎಂದರು. ಹೋದ ಸಲ ಮತ್ತೆ ಇಳಿದಿದೆ. ಶಿವನ ದಯೆ ಎಂದು ಕೈಮುಗಿಯುತ್ತೇನೆ. ಆದರೆ ಹೋಯಿತು ಎಂದು ನಂಬುವುದಿಲ್ಲ. ಹೊಸ್ತಿಲ ಆಚೆ ಎಲ್ಲೋ ಕೂತಿದೆ, ನಾವು ಮಲಗುವುದನ್ನು ಕಾಯುತ್ತಿದೆ ಎಂದೇ ಅಂದುಕೊಂಡಿದ್ದೇನೆ. ದೇವರನ್ನು ನಂಬುವವಳು ಸಕ್ಕರೆಯನ್ನೂ ನಂಬಬೇಕೆಂದಿಲ್ಲ.

ನಿನ್ನೆ ಬತ್ತಿ ಹೊಸೆಯುವುದನ್ನು ಅಲ್ಲಿಗೇ ಬಿಟ್ಟು ಎದ್ದೆ. ಶಮೀಮಕ್ಕನ ಮನೆಗೆ ಹಿಂದಿನ ಬಾಗಿಲಲ್ಲೇ ಹೋದೆ. ಅವರು ಕೈಗೆ ತುಪ್ಪ ಸವರಿಕೊಂಡು ಬಿಸಿ ಉಂಡೆ ಕಟ್ಟುತ್ತಿದ್ದರು.

"ಬರ್ರಿ ಪಾರ್ವತಕ್ಕ. ವಾಸನೆ ಎಳ್ಕಂಡು ಬಂತಾ? ಒಂದು ಬಾಯಿಗೆ ಹಾಕ್ಕಳ್ರಿ."

"ಆಮೇಲೆ ತಿಂತೀನಿ" ಎಂದು ಹತ್ತಿರ ಕೂತೆ. ಪರದೆಯ ಆಚೆ ಸೊಸೆ ತೊಟ್ಟಿಲು ತೂಗುತ್ತಿದ್ದಳು. ಹೇಗೆ ಕೇಳುವುದೆಂದು ಯೋಚಿಸಿದೆ. ಬೇರೆ ದಾರಿ ತೋಚಲಿಲ್ಲ.

"ಅಲ್ಲಾ ಶಮೀಮಕ್ಕ, ಬಸುರಿನಾಗೆ ಸಿಹಿ ನೀರು ಕುಡಿಸಿ ನೋಡಿದ್ರಲ್ಲ, ನಿಮ್ಮ ಸೊಸೆಗೆ ಏನು ಬಂತು?"

ಉಂಡೆ ಕಟ್ಟುತ್ತಿದ್ದ ಕೈ ನಿಂತಿತು. ಪರದೆಯ ಆಚೆ ತೊಟ್ಟಿಲ ಸದ್ದೂ ನಿಂತಿತು. ಶಮೀಮಕ್ಕ ನನ್ನ ಮುಖವನ್ನು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತು. ಆ ನೋಟವನ್ನು ಒಂದು ಆಷಾಢವಿಡೀ ನಾನೇ ಕಣ್ಣಲ್ಲಿಟ್ಟುಕೊಂಡು ತಿರುಗಿದ್ದೆ.

"ನಿಮಗ್ಯಾರು ಹೇಳಿದ್ರು?" ಎಂದರು.

"ಯಾರೂ ಹೇಳಿಲ್ಲ" ಎಂದೆ. "ಆಟೋ ಯಾವತ್ತಿಗೆ ಹೇಳಾಣ?"